ಗುಲಾಬಿ ಮರಿಯ ಕಾಲು: ಹತ್ತು ದಿನಗಳ ದಾಖಲೆ

ಮೊದಲ ದಿನ: ಪಕ್ಕದ ಮನೆಯ ಹುಡುಗ ಜಾತ್ರೆಯಲ್ಲಿ ಕೊಂಡು ತಂದು, ಅದಕ್ಕೆ ನಿಲ್ಲಲಾಗದು ಎಂದು ತಿಳಿದ ಮೇಲೆ ಹಿತ್ತಿಲಲ್ಲಿ ಬಿಟ್ಟಿದ್ದ ಕೋಳಿಮರಿಯನ್ನು ಮನೆಗೆ ತಂದಿದ್ದೇನೆ. ಮೈತುಂಬ ಗುಲಾಬಿ ಬಣ್ಣ. ಹೀಗೆ ಬಣ್ಣ ಬಳಿದು ಮಾರುವ ಮರಿಗಳು ಹೆಚ್ಚಾಗಿ ಮೊಟ್ಟೆ ಕೋಳಿಯ ಹ್ಯಾಚರಿಗಳಿಗೆ ಬೇಡವಾದ ಹುಂಜಗಳು. ಎರಡೂ ಕಾಲು ಪಕ್ಕಕ್ಕೆ ಚಾಚಿಕೊಂಡು, ಹೊಟ್ಟೆಯ ಮೇಲೆ ಈಜುವಂತೆ ತೆವಳುತ್ತಿದೆ. ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದರೆ ಬಿ2 ಜೀವಸತ್ವದ ಕೊರತೆಯೆಂದು ಅನುಮಾನಿಸಬೇಕಿತ್ತು. ಅವು ನೇರವಾಗಿಯೇ ಇವೆ, ಕೀಲಿನಲ್ಲಿ ಊತವೂ ಇಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ದಿನಪತ್ರಿಕೆ ಹಾಸಿ, ಮೇಲೆ 60 ವ್ಯಾಟಿನ ಬಲ್ಬು ತೂಗುಹಾಕಿದೆ.

ಎರಡನೆಯ ದಿನ: ಪತ್ರಿಕೆ ಹಾಸಿದ್ದು ನನ್ನದೇ ದಡ್ಡತನ. ಮರಿಗಳ ಕಾಲು ಹೀಗಾಗುವುದಕ್ಕೆ ಮುಖ್ಯ ಕಾರಣವೇ ಜಾರುವ ನೆಲ. ಬದಲಿಗೆ ಗೋಣಿ ಹಾಸಿದರೆ ಅದರ ನಾರು ಬೆರಳಿಗೆ ಸುತ್ತಿಕೊಂಡಿತು. ಕಡೆಗೆ ಹಳೆಯ ಟವೆಲ್ ಸರಿಹೋಯಿತು. ಗಾಯಕ್ಕೆ ಅಂಟಿಸುವ ಬ್ಯಾಂಡೇಜ್ ಪಟ್ಟಿಯನ್ನು ಉದ್ದಕ್ಕೆ ಸೀಳಿ, ಅದರ ಹತ್ತಿಯ ಭಾಗ ಎರಡು ಕಾಲುಗಳ ನಡುವೆ ಬರುವಂತೆ, ಕಾಲುಗಳು ಸಹಜವಾಗಿ ನಿಲ್ಲುವಷ್ಟು ಅಂತರ ಬಿಟ್ಟು, ಬಿಗಿಯಾಗದಂತೆ ಬೇಡಿಯ ಹಾಗೆ ಸುತ್ತಿದೆ. ಮರಿ ಎದ್ದ ಕೂಡಲೇ ಮುಗ್ಗರಿಸಿ ಕೊಕ್ಕು ಊರಿಕೊಂಡಿತು, ಮತ್ತೆ ಎದ್ದಿತು. ಹೀಗೆ ಬಿದ್ದು ಮುಳುಗದಿರಲೆಂದು ನೀರಿನ ಮುಚ್ಚಳದಲ್ಲಿ ಸಣ್ಣ ಬೆಣಚುಕಲ್ಲುಗಳನ್ನು ತುಂಬಿಟ್ಟೆ.

ನಾಲ್ಕನೆಯ ದಿನ: ಪಟ್ಟಿ ಬದಲಾಯಿಸಿದೆ. ಹಿಕ್ಕೆ ಒಣಗಿ ಹಿಂಭಾಗಕ್ಕೆ ಮೆತ್ತಿಕೊಂಡಿದ್ದುದನ್ನು, ಎಳೆದರೆ ಚರ್ಮ ಕಿತ್ತುಬರುವುದರಿಂದ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ತೆಗೆದು, ಒರೆಸಿ ಒಣಗಿಸಿದೆ. ಮೊದಲ ವಾರ ಸುಮಾರು 35 ಡಿಗ್ರಿ ಕಾವು ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಆದರೆ ನಾನು ಥರ್ಮಾಮೀಟರಿಗಿಂತ ಮರಿಯನ್ನೇ ಹೆಚ್ಚು ನಂಬುತ್ತೇನೆ: ಬಾಯಿ ತೆರೆದು ಏದುಸಿರು ಬಿಟ್ಟರೆ ಬಲ್ಬನ್ನು ಮೇಲಕ್ಕೆತ್ತುವುದು, ಬಿಡದೆ ಚೀರುತ್ತ ಬೆಳಕಿನಡಿಯೇ ಮುದುಡಿ ಕುಳಿತರೆ ಇಳಿಸುವುದು. ನಮ್ಮ ಮನೆಯಲ್ಲಿ ಮರಿಗಳಿಗೆ ನುಚ್ಚಕ್ಕಿ ಹಾಕುವುದೇ ರೂಢಿ. ಬೆಳೆಯುವ ಕಾಲಿಗೆ ಅದೊಂದೇ ಸಾಲದೆಂದು ಅಂಗಡಿಯಿಂದ ಮರಿಗಳ ಸ್ಟಾರ್ಟರ್ ಫೀಡ್ ತಂದೆ.

ಆರನೆಯ ದಿನ: ಪಟ್ಟಿ ಬಿಚ್ಚಿದೆ. ಎಡಗಾಲು ಇನ್ನೂ ತುಸು ಹೊರಕ್ಕೆ ಸರಿಯುತ್ತಿದ್ದುದರಿಂದ ರಾತ್ರಿ ಮತ್ತೆ ಕಟ್ಟಿದೆ.

ಹತ್ತನೆಯ ದಿನ: ಪಟ್ಟಿಯಿಲ್ಲದೆ ಎರಡು ದಿನಗಳಾದವು. ಟವೆಲಿನ ಮೇಲೆ ಓಡುತ್ತದೆ, ಕೆದಕುತ್ತದೆ, ಒಂದು ಕಾಲಿನಲ್ಲಿ ನಿಂತು ಕತ್ತು ತುರಿಸಿಕೊಳ್ಳುತ್ತದೆ. ರೆಕ್ಕೆಯಂಚಿನಲ್ಲಿ ಬಿಳಿ ಗರಿಗಳು ಇಣುಕಿವೆ. ಸಂಜೆ ನೋಡಲು ಬಂದ ಹುಡುಗನಿಗೆ ಕಾಲಿನ ಕಡೆ ಗಮನವೇ ಇರಲಿಲ್ಲ. “ಅಂಕಲ್, ಇದರ ಬಣ್ಣ ಹೋಗ್ತಾ ಇದೆಯಲ್ಲ” ಎಂದು ಮುಖ ಸಪ್ಪಗೆ ಮಾಡಿಕೊಂಡ.