ಜಿಂಬಾಬ್ವೆ ಕ್ರಿಕೆಟ್‌ಗೆ ಏನಾಯ್ತು ಅಂತ ಕೇಳೋರಿಗೆ

ನನಗೆ ಜಿಂಬಾಬ್ವೆ ಕ್ರಿಕೆಟ್ ಹುಚ್ಚು ಇದೆ ಅಂತ ಗೊತ್ತಿರುವವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ. "ಅಲ್ಲಾ ಮಾರಾಯ, ಆಂಡಿ ಫ್ಲವರ್, ಹೀತ್ ಸ್ಟ್ರೀಕ್, ಒಲಾಂಗಾ ಎಲ್ಲ ಇದ್ದ ಟೀಮು. ಏನಾಯ್ತು ಅದಕ್ಕೆ?" ಕೇಳಿದವರ ಜೇಬಿನಲ್ಲಿ ಉತ್ತರವೂ ಸಿದ್ಧವಾಗಿರುತ್ತದೆ. "ಅವರ ಅಧ್ಯಕ್ಷ ಮುಗಾಬೆ ಬಿಳಿಯರನ್ನೆಲ್ಲ ಓಡಿಸಿದ, ಟೀಮ್ ಮುಳುಗಿತು. ಅಷ್ಟೇ ಅಲ್ವಾ?"

ಅಷ್ಟೇ ಅಲ್ಲ. ನನ್ನ ಉತ್ತರ ಶುರುವಾಗುವುದು ಲೋಗನ್ ಕಪ್‌ನಿಂದ. ನಮಗೆ ರಣಜಿ ಟ್ರೋಫಿ ಇದ್ದ ಹಾಗೆ ಅವರಿಗೆ ಲೋಗನ್ ಕಪ್. ಜಿಂಬಾಬ್ವೆ ತಂಡ ಯಾವಾಗ ಎದ್ದಿತು, ಯಾವಾಗ ಬಿದ್ದಿತು ಅನ್ನುವುದನ್ನು ಟೆಸ್ಟ್ ಸ್ಕೋರ್‌ಗಿಂತ ಈ ಟೂರ್ನಿ ಚೆನ್ನಾಗಿ ಹೇಳುತ್ತದೆ.

ಕಪ್ ಹಳೆಯದು. 1903-04ರಲ್ಲಿ, ಆ ದೇಶ ಇನ್ನೂ ರೊಡೇಷಿಯಾ ಆಗಿದ್ದಾಗ ಶುರುವಾಯಿತು. ಕಪ್ ಕೊಟ್ಟವರು ಜೇಮ್ಸ್ ಲೋಗನ್ ಎಂಬ ಸ್ಕಾಟ್ಲೆಂಡ್ ಮೂಲದ ವ್ಯಾಪಾರಿ. ದಕ್ಷಿಣ ಆಫ್ರಿಕಾದ ರೈಲು ಪ್ರಯಾಣಿಕರಿಗೆ ಊಟ-ತಿಂಡಿ ಒದಗಿಸುವ ಗುತ್ತಿಗೆ ಅವರದಾಗಿತ್ತು. ಆ ಗುತ್ತಿಗೆ ಟೆಂಡರ್ ಕರೆಯದೆ ಸಿಕ್ಕಿತ್ತು ಅನ್ನುವ ಗಲಾಟೆಯಲ್ಲಿ 1893ರಲ್ಲಿ ಸೆಸಿಲ್ ರೋಡ್ಸ್ ಅವರ ಸಚಿವ ಸಂಪುಟವೇ ಒಡೆದುಹೋಯಿತು. ಕ್ರಿಕೆಟ್ ಮತ್ತು ರಾಜಕೀಯವನ್ನು ಬೇರೆ ಬೇರೆ ಇಡಿ ಅನ್ನುವವರಿಗೆ ನಾನು ಮೊದಲು ಹೇಳುವುದೇ ಈ ಕಥೆ.

ಬಹಳ ಕಾಲ ಲೋಗನ್ ಕಪ್‌ಗೆ ಪ್ರಥಮ ದರ್ಜೆ, ಅಂದರೆ ಟೆಸ್ಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಹಲವು ದಿನದ ಕ್ರಿಕೆಟ್‌ನ ಮಾನ್ಯತೆ ಇರಲಿಲ್ಲ. ರೊಡೇಷಿಯಾ ಒಂದು ಪ್ರಾಂತ್ಯದ ಹಾಗೆ ದಕ್ಷಿಣ ಆಫ್ರಿಕಾದ ಕರೀ ಕಪ್‌ನಲ್ಲಿ ಆಡುತ್ತಿತ್ತು. ಮೈಕ್ ಪ್ರಾಕ್ಟರ್ 1970-71ರಲ್ಲಿ ಸತತ ಆರು ಶತಕ ಹೊಡೆದದ್ದು ರೊಡೇಷಿಯಾ ಪರವಾಗಿಯೇ. 1980ರಲ್ಲಿ ಸ್ವಾತಂತ್ರ್ಯ ಬಂತು, ಕರೀ ಕಪ್ ನಂಟು ಕಡಿಯಿತು. ಆಮೇಲೆ ಉಳಿದದ್ದು ವಾರಾಂತ್ಯದ ಕ್ಲಬ್ ಕ್ರಿಕೆಟ್, ಆಗಾಗ ಬರುವ ವಿದೇಶಿ ತಂಡಗಳು. ಆಟಗಾರರಿಗೆಲ್ಲ ಬೇರೆ ಬೇರೆ ಕೆಲಸ. ಜಾನ್ ಟ್ರೈಕೋಸ್ ವಕೀಲರು. ಎಡ್ಡೋ ಬ್ರಾಂಡೆಸ್ ಕೋಳಿ ಸಾಕಣೆ ಮಾಡುತ್ತಿದ್ದರು. ಇಂಥವರೇ 1983ರ ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿದ್ದು. ಇಂಥವರೇ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಭಾರತವನ್ನು 17ಕ್ಕೆ 5 ವಿಕೆಟ್‌ಗೆ ತಂದು ನಿಲ್ಲಿಸಿದ್ದು. ಆಮೇಲೆ ಕಪಿಲ್ 175 ಹೊಡೆದರು, ನಮ್ಮ ಕಿರ್ಮಾನಿ 24 ರನ್ ಮಾಡಿ ಕೊನೆಯವರೆಗೂ ಜೊತೆಗೆ ನಿಂತರು. ಅದು ಎಲ್ಲರಿಗೂ ಗೊತ್ತು. ಆ ದಿನ ಜಿಂಬಾಬ್ವೆ ಪರ ಮೂರು ವಿಕೆಟ್ ತೆಗೆದು, ಆಮೇಲೆ 73 ರನ್ ಹೊಡೆದ ಕೆವಿನ್ ಕರನ್ ಯಾರಿಗೂ ನೆನಪಿಲ್ಲ.

1992ರಲ್ಲಿ ಟೆಸ್ಟ್ ಮಾನ್ಯತೆ ಬಂತು. ಹರಾರೆಯಲ್ಲಿ ಮೊದಲ ಟೆಸ್ಟ್, ಭಾರತದ ಮೇಲೆ. 45 ವರ್ಷದ ಟ್ರೈಕೋಸ್ ಐದು ವಿಕೆಟ್ ತೆಗೆದರು, ಅದರಲ್ಲಿ ತೆಂಡೂಲ್ಕರ್ ಸೊನ್ನೆಗೆ. ಇದೇ ಟ್ರೈಕೋಸ್ 1970ರಲ್ಲಿ ದಕ್ಷಿಣ ಆಫ್ರಿಕಾ ಪರ ಟೆಸ್ಟ್ ಆಡಿದ್ದವರು. ನಡುವೆ 22 ವರ್ಷ ಟೆಸ್ಟೇ ಇಲ್ಲ! ಕೇಳಲು ಚೆಂದದ ಕಥೆ. ಆದರೆ ಇನ್ನೊಂದು ಕಡೆಯಿಂದ ನೋಡಿ: 45 ವರ್ಷದವರನ್ನು ಕರೆಯಬೇಕಾಯಿತು ಅಂದರೆ ಕೆಳಗಡೆ ಸಾಲು ಅಷ್ಟು ತೆಳುವಾಗಿತ್ತು ಅಂತಲೂ ಅರ್ಥ. ಟೆಸ್ಟ್ ಮಾನ್ಯತೆ ಬಂದಾಗ ಅವರಿಗೆ ದೇಶದೊಳಗೆ ಪ್ರಥಮ ದರ್ಜೆ ಟೂರ್ನಿಯೇ ಇರಲಿಲ್ಲ. ಲೋಗನ್ ಕಪ್‌ಗೆ ಆ ದರ್ಜೆ ಸಿಕ್ಕಿದ್ದು 1993-94ರಲ್ಲಿ. ಮನೆ ಕಟ್ಟಿ ಗೃಹಪ್ರವೇಶ ಮಾಡಿದ ಮೇಲೆ ಪಾಯ ಅಗೆದ ಹಾಗೆ.

ಆ ಮೊದಲ ವರ್ಷ ಆಡಿದ್ದು ನಾಲ್ಕು ತಂಡ. ಹರಾರೆಯ ಮಶೋನಾಲ್ಯಾಂಡ್, ಬುಲವಾಯೋದ ಮಟಾಬೆಲೆಲ್ಯಾಂಡ್, ಮಶೋನಾಲ್ಯಾಂಡ್‌ನ 24 ವರ್ಷದೊಳಗಿನವರು, ಮತ್ತೆ ಮಶೋನಾಲ್ಯಾಂಡ್ ಕಂಟ್ರಿ ಡಿಸ್ಟ್ರಿಕ್ಟ್ಸ್. ಈ ಕೊನೆಯದು ಹಳ್ಳಿ ಕಡೆಯ ಕ್ಲಬ್‌ಗಳ ತಂಡ. ಹಳ್ಳಿ ಅಂದರೆ ಬಿಳಿಯರ ದೊಡ್ಡ ದೊಡ್ಡ ತೋಟಗಳಿದ್ದ ಸೀಮೆ. 2000ದ ನಂತರ ಮುಗಾಬೆ ಆಡಳಿತದಲ್ಲಿ ಆ ಜಮೀನುಗಳ ವಶ ಶುರುವಾದಾಗ ಆ ಸೀಮೆಯ ಕ್ರಿಕೆಟ್ಟೂ ಅದರ ಜೊತೆ ಹೋಯಿತು. 2004ರಲ್ಲಿ ರಾಷ್ಟ್ರೀಯ ತಂಡದಲ್ಲಿ ಬಂಡಾಯ ಏಳುವ ಮೊದಲೇ ಆದ ನಷ್ಟ ಇದು. ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಹಾಗಂತ 90ರ ದಶಕ ಚಿನ್ನದ ಕಾಲ ಅಂತ ನಾನು ಹೇಳುವುದಿಲ್ಲ. ಫೇಸ್‌ಬುಕ್‌ನಲ್ಲಿ ಹಾಗೆ ಹೇಳುವವರು ಜಾಸ್ತಿ. ಆಗಿನ ಕ್ರಿಕೆಟ್ ಕೆಲವೇ ಒಳ್ಳೆಯ ಶಾಲೆ, ಕೆಲವೇ ಕ್ಲಬ್‌ಗಳ ಒಳಗೆ ಸುತ್ತುತ್ತಿತ್ತು. ಬಹುಪಾಲು ಕರಿಯರೇ ಇರುವ ದೇಶದಲ್ಲಿ ಕರಿಯ ಆಟಗಾರನೊಬ್ಬ, ಅಂದರೆ ಹೆನ್ರಿ ಒಲಾಂಗಾ, ಮೊದಲ ಸಲ ಟೆಸ್ಟ್ ಆಡಿದ್ದು 1995ರಲ್ಲಿ. ಇದೇ ಒಲಾಂಗಾ 1999ರ ವಿಶ್ವಕಪ್‌ನಲ್ಲಿ ನಮಗೆ ಕೊಟ್ಟ ಪೆಟ್ಟು ಕನ್ನಡಿಗರು ಮರೆಯುವ ಹಾಗಿಲ್ಲ. ಲೆಸ್ಟರ್‌ನಲ್ಲಿ ಕೊನೆಯ ಎರಡು ಓವರ್‌ಗೆ 9 ರನ್ ಬೇಕಿತ್ತು, ಮೂರು ವಿಕೆಟ್ ಕೈಯಲ್ಲಿತ್ತು. ಒಂದೇ ಓವರ್‌ನಲ್ಲಿ ರಾಬಿನ್ ಸಿಂಗ್, ಆಮೇಲೆ ನಮ್ಮ ಶ್ರೀನಾಥ್ ಬೌಲ್ಡ್, ಆಮೇಲೆ ನಮ್ಮ ಪ್ರಸಾದ್ ಎಲ್‌ಬಿಡಬ್ಲ್ಯು. ಮೂರು ರನ್ ಸೋಲು.

ಅದೇ ಹೊತ್ತಿಗೆ ಹರಾರೆಯ ಹೈಫೀಲ್ಡ್‌ನಲ್ಲಿ ಬೇರೆಯೇ ಒಂದು ಕೆಲಸ ನಡೆಯುತ್ತಿತ್ತು. ಹೈಫೀಲ್ಡ್ ಅಂದರೆ ಬಿಳಿಯರ ಆಡಳಿತದಲ್ಲಿ ಕರಿಯರಿಗೆಂದೇ ಕಟ್ಟಿದ ಬಡಾವಣೆ. ಅಲ್ಲಿನ ಹುಡುಗರನ್ನು ಆರಿಸಿ, ಸ್ಕಾಲರ್‌ಶಿಪ್ ಕೊಟ್ಟು ಚರ್ಚಿಲ್ ಶಾಲೆಗೆ ಕಳಿಸಿದರು. ತಟೆಂಡಾ ಟೈಬು, ಹ್ಯಾಮಿಲ್ಟನ್ ಮಸಕಜಾ, ವೂಸಿ ಸಿಬಾಂಡಾ ಬಂದದ್ದು ಹೀಗೆ. ಅವರ ಕ್ಲಬ್ ಟಕಾಶಿಂಗಾ. ಮಸಕಜಾ 2000ದಲ್ಲಿ, ಶಾಲೆಯಲ್ಲಿ ಇರುವಾಗಲೇ, ಪ್ರಥಮ ದರ್ಜೆ ಶತಕ ಹೊಡೆದ ಮೊದಲ ಕರಿಯ ಜಿಂಬಾಬ್ವೆ ಆಟಗಾರ ಅನ್ನಿಸಿಕೊಂಡರು. ಮರುವರ್ಷ ವೆಸ್ಟ್ ಇಂಡೀಸ್ ಮೇಲೆ ಮೊದಲ ಟೆಸ್ಟ್‌ನಲ್ಲೇ 119. ಇನ್ನೂ 18 ತುಂಬಿರಲಿಲ್ಲ.

ಈ ಹುಡುಗರು ಕಲಿತದ್ದು ಎಲ್ಲಿ? ಶಾಲೆಯಲ್ಲಿ ಸ್ವಲ್ಪ, ಕ್ಲಬ್‌ನಲ್ಲಿ ಸ್ವಲ್ಪ. ಪೆಟ್ಟು ತಿಂದು ಕಲಿತದ್ದು ಮಾತ್ರ ಲೋಗನ್ ಕಪ್‌ನಲ್ಲಿ. ಬುಲವಾಯೋದ ಕ್ವೀನ್ಸ್ ಮೈದಾನದಲ್ಲಿ ಬೆಳಿಗ್ಗೆ ಹೊಸ ಚೆಂಡು ಹಿಡಿದು ಸ್ಟ್ರೀಕ್ ಓಡಿ ಬಂದರೆ, ಎದುರಿಗೆ ನಿಂತ ಹುಡುಗನಿಗೆ ಟೆಸ್ಟ್ ಬೌಲಿಂಗ್ ಅಂದರೇನು ಅಂತ ಅಲ್ಲೇ ಗೊತ್ತಾಗುತ್ತಿತ್ತು. ಹರಾರೆಯಲ್ಲಿ ಫ್ಲವರ್‌ಗೆ ಬೌಲ್ ಮಾಡಿದ ಸ್ಪಿನ್ನರ್‌ಗೆ ತನ್ನ ಚೆಂಡು ಎಷ್ಟು ತಿರುಗಿದರೆ ಸಾಲದು ಅನ್ನುವುದು ಒಂದು ದಿನದಲ್ಲಿ ತಿಳಿಯುತ್ತಿತ್ತು. ತಂಡಗಳು ಕಡಿಮೆ, ನಿಜ. ಆದರೆ ಕಡಿಮೆ ಇದ್ದದ್ದಕ್ಕೇ ಪ್ರತಿ ಪಂದ್ಯದಲ್ಲೂ ಇಬ್ಬರು ಮೂವರು ಟೆಸ್ಟ್ ಆಟಗಾರರು ಎದುರಿಗೆ ಸಿಗುತ್ತಿದ್ದರು. ಕೋಚ್ ಹೇಳಿಕೊಟ್ಟು ಬರುವ ವಿದ್ಯೆ ಅಲ್ಲ ಅದು.

ಈಗ 2004ಕ್ಕೆ ಬನ್ನಿ. ಆಯ್ಕೆ ಸಮಿತಿಯ ವಿಚಾರಕ್ಕೆ ಜಗಳವಾಗಿ ಸ್ಟ್ರೀಕ್ ನಾಯಕತ್ವ ಹೋಯಿತು. ಅವರ ಬೆನ್ನಿಗೆ ಬಿಳಿಯ ಆಟಗಾರರು ಆಡುವುದನ್ನೇ ಬಿಟ್ಟರು. ಒಟ್ಟು 15 ಜನ. 20 ವರ್ಷದ ಟೈಬು ನಾಯಕರಾದರು, ಅಲ್ಲಿಯವರೆಗಿನ ಅತಿ ಕಿರಿಯ ಟೆಸ್ಟ್ ನಾಯಕ. ಏಪ್ರಿಲ್‌ನಲ್ಲಿ ಶ್ರೀಲಂಕಾ ಮೇಲೆ ಏಕದಿನ ಪಂದ್ಯದಲ್ಲಿ 35ಕ್ಕೆ ಆಲೌಟ್. ಎಲ್ಲರ ಕಣ್ಣು ಹೋದದ್ದು ಈ 35ರ ಮೇಲೆ.

ನನ್ನ ಕಣ್ಣು ಹೋಗುವುದು ಬೇರೆ ಕಡೆ. ಆ 15 ಜನ ಬರೀ ರಾಷ್ಟ್ರೀಯ ತಂಡದ ಆಟಗಾರರಲ್ಲ. ಮಶೋನಾಲ್ಯಾಂಡ್, ಮಟಾಬೆಲೆಲ್ಯಾಂಡ್ ತಂಡಗಳ ಹಿರಿಯರೂ ಅವರೇ. ಒಂದು ದೇಶದ ಹತ್ತಾರು ಡ್ರೆಸ್ಸಿಂಗ್ ರೂಮ್‌ಗಳಿಂದ 15 ಜನ ಹೋದರೆ ತಡೆದುಕೊಳ್ಳಬಹುದು. ಇಲ್ಲಿದ್ದದ್ದು ನಾಲ್ಕೈದು ತಂಡ. ಹೈಫೀಲ್ಡ್‌ನಿಂದ ಬಂದ ಹುಡುಗನಿಗೆ ಎದುರಿಗೆ ಈಗ ಸ್ಟ್ರೀಕ್ ಇಲ್ಲ, ಅವನ ಹಾಗೇ ಇನ್ನೊಬ್ಬ ಹುಡುಗ. ಅಲ್ಲಿ 80 ಹೊಡೆದು ಟೆಸ್ಟ್‌ಗೆ ಬಂದರೆ ಏನಾಗುತ್ತೆ? 2005ರ ಆಗಸ್ಟ್‌ನಲ್ಲಿ ಹರಾರೆಯಲ್ಲಿ ನ್ಯೂಜಿಲೆಂಡ್ ಒಂದೇ ದಿನದಲ್ಲಿ ಅವರನ್ನು ಎರಡು ಸಲ ಆಲೌಟ್ ಮಾಡಿತು. 59 ಮತ್ತು 99.

"ಬಿಳಿಯರನ್ನು ಓಡಿಸಿದ್ದಕ್ಕೆ" ಅನ್ನುವ ಉತ್ತರ ಪೂರ್ತಿ ಕುಸಿಯುವುದು ಇಲ್ಲೇ. ಸ್ಟ್ರೀಕ್ ಮತ್ತು ಇನ್ನು ಕೆಲವರು 2005ರಲ್ಲಿ ವಾಪಸ್ ಬಂದಿದ್ದರು. ಅದೇ ವರ್ಷದ ಕೊನೆಗೆ ಕ್ರಿಕೆಟ್ ಮಂಡಳಿಯ ವಿರುದ್ಧ ದನಿ ಎತ್ತಿ, ಬೆದರಿಕೆ ಎದುರಿಸಿ, ರಾಜೀನಾಮೆ ಕೊಟ್ಟು ದೇಶ ಬಿಟ್ಟವರು ಟೈಬು. ಕರಿಯ ನಾಯಕ. ಜಗಳ ಬಣ್ಣದ್ದಷ್ಟೇ ಆಗಿದ್ದರೆ ಟೈಬು ಯಾಕೆ ಹೋಗಬೇಕಿತ್ತು? ಆಟ ನಡೆಸುವ ವ್ಯವಸ್ಥೆಯೇ ಕೆಟ್ಟಿತ್ತು. ಹಳೆಯ ಪ್ರಾಂತ್ಯಗಳ ಕ್ರಿಕೆಟ್ ಸಂಘಗಳನ್ನು ಮುರಿದರು, ಹೊಸಬರನ್ನು ಕೂರಿಸಿದರು. ಆ ಗಲಾಟೆಯಲ್ಲಿ 2005-06ರ ಲೋಗನ್ ಕಪ್ ನಡೆಯಲೇ ಇಲ್ಲ.

ನನ್ನ ಮಟ್ಟಿಗೆ ಜಿಂಬಾಬ್ವೆ ಕ್ರಿಕೆಟ್‌ನ ಅತಿ ಕೆಟ್ಟ ಸುದ್ದಿ ಆ 35 ಅಲ್ಲ, ಇದು. ಒಂದು ಟೆಸ್ಟ್ ದೇಶ ಇಡೀ ಋತು ತನ್ನ ಪ್ರಥಮ ದರ್ಜೆ ಟೂರ್ನಿಯನ್ನೇ ಆಡಿಸಲಿಲ್ಲ. 2006ರ ಜನವರಿಯಲ್ಲಿ ಅವರು ಟೆಸ್ಟ್ ಕ್ರಿಕೆಟ್‌ನಿಂದಲೇ ಹಿಂದೆ ಸರಿದರು. ಮರುವರ್ಷ ಕಪ್ ವಾಪಸ್ ಬಂದಾಗ ತಂಡಗಳ ಹೆಸರು ಈಸ್ಟರ್ನ್ಸ್, ವೆಸ್ಟರ್ನ್ಸ್, ನಾರ್ದರ್ನ್ಸ್, ಸದರ್ನ್ಸ್, ಸೆಂಟ್ರಲ್ಸ್. ಮ್ಯಾಪ್ ನೋಡಿ ಇಟ್ಟ ಹೆಸರು. ಅಭಿಮಾನ ಹುಟ್ಟೋದಾದರೂ ಹೇಗೆ? ಹೊರಗೆ ಹಣದುಬ್ಬರ ಎಷ್ಟಿತ್ತು ಅಂದರೆ 2009ರ ಹೊತ್ತಿಗೆ ನೂರು ಲಕ್ಷ ಕೋಟಿ ಡಾಲರ್‌ನ ಒಂದೇ ನೋಟು ಅಚ್ಚಾಗಿತ್ತು. ಇಂಥ ಊರಲ್ಲಿ ಕ್ರಿಕೆಟ್ಟನ್ನೇ ನಂಬಿ ಬದುಕುತ್ತೇನೆ ಅನ್ನುವುದಕ್ಕೆ ಎಂಟೆದೆ ಬೇಕು.

ಎದ್ದದ್ದೂ ಲೋಗನ್ ಕಪ್‌ನಿಂದಲೇ. 2009-10ರಲ್ಲಿ ಐದು ಫ್ರಾಂಚೈಸಿ ಬಂದವು: ಹರಾರೆಯ ಈಗಲ್ಸ್, ಬುಲವಾಯೋದ ಟಸ್ಕರ್ಸ್, ಕ್ವೆಕ್ವೆಯ ಮಿಡ್ ವೆಸ್ಟ್ ರೈನೋಸ್, ಮುತಾರೆಯ ಮೌಂಟೆನಿಯರ್ಸ್, ಮಸ್ವಿಂಗೋದ ಸದರ್ನ್ ರಾಕ್ಸ್. ಸಂಬಳ ಅಮೆರಿಕನ್ ಡಾಲರ್‌ನಲ್ಲಿ. ಬಿಟ್ಟು ಹೋದವರಲ್ಲಿ ಹಲವರು ಆಡಲು, ಕಲಿಸಲು ವಾಪಸ್ ಬಂದರು. ಬ್ರಯಾನ್ ಲಾರಾ ಕೂಡ 2010ರಲ್ಲಿ ಸದರ್ನ್ ರಾಕ್ಸ್ ಪರ ಟಿ20 ಆಡಿ ಹೋದರು. ಅದು ಸುಮ್ನೆ ಪ್ರಚಾರಕ್ಕೆ, ಇರಲಿ. ಮುಖ್ಯವಾದದ್ದು ಬ್ರಯಾನ್ ವಿಟೋರಿ. ಮಸ್ವಿಂಗೋ ಕ್ರಿಕೆಟ್‌ಗೆ ಹೆಸರಾದ ಊರೇ ಅಲ್ಲ. ಆ ಊರಿನ ಎಡಗೈ ವೇಗಿ ವಿಟೋರಿ 2011ರಲ್ಲಿ ಬಾಂಗ್ಲಾದೇಶದ ಮೇಲೆ ತಮ್ಮ ಮೊದಲ ಎರಡು ಏಕದಿನ ಪಂದ್ಯಗಳಲ್ಲೂ ಐದೈದು ವಿಕೆಟ್ ತೆಗೆದರು. ಅಲ್ಲಿಯವರೆಗೆ ಯಾರೂ ಮಾಡಿರದ ಸಾಧನೆ. ಅದೇ ಸರಣಿಯಲ್ಲಿ ಜಿಂಬಾಬ್ವೆ ಟೆಸ್ಟ್‌ಗೂ ಮರಳಿತು. ಮರಳಿದ ಮೊದಲ ಟೆಸ್ಟ್‌ನಲ್ಲೇ 130 ರನ್ ಗೆಲುವು. ಫ್ರಾಂಚೈಸಿ ಬಂದು ಎರಡೇ ಋತು ಆಗಿತ್ತು.

ಆಮೇಲೆ ಮತ್ತೆ ದುಡ್ಡಿನ ತಾಪತ್ರಯ. ಮಂಡಳಿ ಸಾಲದಲ್ಲಿ ಮುಳುಗಿತು, ಸಂಬಳ ಬಾರದೆ ಆಟಗಾರರು ಮುಷ್ಕರ ಹೂಡಿದರು, ಸದರ್ನ್ ರಾಕ್ಸ್ ತಂಡವನ್ನೇ ಕೈಬಿಟ್ಟರು. 2019ರಲ್ಲಿ ಸರ್ಕಾರದ ಹಸ್ತಕ್ಷೇಪ ಅಂತ ಐಸಿಸಿ ಕೆಲವು ತಿಂಗಳು ಅಮಾನತಿನಲ್ಲಿ ಇಟ್ಟಿತು. ರಾಕ್ಸ್ 2020-21ರಲ್ಲಿ ವಾಪಸ್ ಬಂದು ಅದೇ ವರ್ಷ ಮೊದಲ ಸಲ ಲೋಗನ್ ಕಪ್ ಗೆದ್ದುಕೊಂಡಿತು!

ಇದೆಲ್ಲ ಕೇಳಿಸಿಕೊಂಡವರು ಎರಡನೇ ಪ್ರಶ್ನೆ ಕೇಳುತ್ತಾರೆ. "ಸರಿ, ಈಗ ಹೇಗಿದ್ದಾರೆ? ಮೇಲೆ ಬರ್ತಾರಾ?" ಆರ್‌ಸಿಬಿ ಅಭಿಮಾನಿಗಳು ಇದನ್ನೇ ಇನ್ನೊಂದು ಥರ ಕೇಳುತ್ತಾರೆ. 2025ರ ಐಪಿಎಲ್‌ನಲ್ಲಿ ಲುಂಗಿ ಎನ್‌ಗಿಡಿ ಬದಲಿಗೆ ಬ್ಲೆಸಿಂಗ್ ಮುಜರಬಾನಿಯನ್ನು ಕರೆಸಿದಾಗ, "ಈ ಉದ್ದನೆಯ ಆಸಾಮಿ ಎಲ್ಲಿಂದ ಬಂದ?" ಅಂತ. ಹೈಫೀಲ್ಡ್‌ನಿಂದ, ಟಕಾಶಿಂಗಾ ಕ್ಲಬ್‌ನಿಂದ. 2018ರಲ್ಲಿ ಇಂಗ್ಲೆಂಡಿನ ದೇಶಿ ಕ್ರಿಕೆಟ್ ಆದ ಕೌಂಟಿಗೆ ಹೋಗಿದ್ದವರು ಎರಡು ವರ್ಷದಲ್ಲಿ ಮರಳಿದರು. 2025ರ ಏಪ್ರಿಲ್‌ನಲ್ಲಿ ಸಿಲ್ಹೆಟ್‌ನಲ್ಲಿ ಬಾಂಗ್ಲಾದೇಶದ ಎರಡನೇ ಇನಿಂಗ್ಸ್‌ನಲ್ಲಿ ಆರು ವಿಕೆಟ್ ಕಿತ್ತು ಟೆಸ್ಟ್ ಗೆಲ್ಲಿಸಿಕೊಟ್ಟರು.

ಈಗಿನ ಲೋಗನ್ ಕಪ್‌ನಲ್ಲಿ ನನಗೆ ಇಷ್ಟವಾಗುವುದು ಅಲ್ಲಿಗೆ ಬಂದು ಸೇರುವವರ ಕಥೆಗಳು. ಸಿಕಂದರ್ ರಜಾ ಸಿಯಾಲ್‌ಕೋಟ್‌ನಲ್ಲಿ ಹುಟ್ಟಿದವರು. ಪಾಕಿಸ್ತಾನ ವಾಯುಪಡೆಗೆ ಸೇರುವ ಆಸೆ ಕಣ್ಣಿನ ಪರೀಕ್ಷೆಯಲ್ಲಿ ಮುಗಿಯಿತು. ಹರಾರೆಗೆ ಬಂದು, ಅಲ್ಲಿನ ದೇಶಿ ಕ್ರಿಕೆಟ್‌ನಲ್ಲಿ ವರ್ಷಗಟ್ಟಲೆ ಆಡಿ, 2013ರಲ್ಲಿ ರಾಷ್ಟ್ರೀಯ ತಂಡ ಸೇರಿದರು. ಮೇಲೆ ಹೇಳಿದ ಕೆವಿನ್ ಕರನ್‌ಗೆ ಮೂರು ಗಂಡುಮಕ್ಕಳು. ಟಾಮ್ ಮತ್ತು ಸ್ಯಾಮ್ ಇಂಗ್ಲೆಂಡ್‌ಗೆ ಆಡಿದರು. ನಡುವಿನವರು ಬೆನ್. ಕೌಂಟಿಯಲ್ಲಿ ಜಾಗ ಹೋದ ಮೇಲೆ ಸದರ್ನ್ ರಾಕ್ಸ್‌ಗೆ ಬಂದು ರನ್ ಹೊಡೆದು, 2024ರ ಡಿಸೆಂಬರ್‌ನಲ್ಲಿ ಅಪ್ಪನ ದೇಶದ ಕ್ಯಾಪ್ ಹಾಕಿಕೊಂಡರು.

ಇನ್ನು ಅಂತುಮ್ ನಖ್ವಿ. ಬ್ರಸೆಲ್ಸ್‌ನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಬೆಳೆದ, ಪಾಕಿಸ್ತಾನಿ ಮೂಲದ ಹುಡುಗ. 2024ರ ಜನವರಿಯಲ್ಲಿ ಮಿಡ್ ವೆಸ್ಟ್ ರೈನೋಸ್ ನಾಯಕನಾಗಿ ಟಸ್ಕರ್ಸ್ ವಿರುದ್ಧ ಅಜೇಯ 300 ಹೊಡೆದರು. ಜಿಂಬಾಬ್ವೆಯ ದೇಶಿ ತಂಡದ ಪರ ಅದಕ್ಕೆ ಮೊದಲು ಯಾರೂ ತ್ರಿಶತಕ ಹೊಡೆದಿರಲಿಲ್ಲ. 300 ಆದ ತಕ್ಷಣ ಡಿಕ್ಲೇರ್!

ಮೇಲೆ ಬರ್ತಾರಾ ಅನ್ನುವುದಕ್ಕೆ ನನ್ನ ಉತ್ತರ ಇಷ್ಟು: ಐದು ತಂಡ, ತಂಡಕ್ಕೆ 15ರ ಲೆಕ್ಕ ಹಿಡಿದರೂ ಇಡೀ ದೇಶಕ್ಕೆ ಮುಕ್ಕಾಲು ನೂರು ಆಟಗಾರರು. ನಮ್ಮ ರಣಜಿಯಲ್ಲಿ 38 ತಂಡ. ನಾಲ್ಕು ಜನ ಗಾಯಗೊಂಡು, ಇನ್ನು ನಾಲ್ಕು ಜನ ಕೌಂಟಿಗೆ ಹೋದರೆ ಅವರಿಗೆ ಟೆಸ್ಟ್ ತಂಡ ಕಟ್ಟುವುದೇ ಕಷ್ಟ. ಹಾಗಾಗಿ ಅವರು ಯಾರ ಮೇಲೆ ಸೋತರು ಅನ್ನುವುದಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಈ ಸಲ ಲೋಗನ್ ಕಪ್‌ನ ಪಂದ್ಯಗಳೆಲ್ಲ ಪೂರ್ತಿ ನಡೆದವಾ, ಹುಡುಗರಿಗೆ ಸಂಬಳ ಹೊತ್ತಿಗೆ ಸರಿಯಾಗಿ ಬಂತಾ, ಮಸ್ವಿಂಗೋದ ತಂಡ ಉಳಿದಿದೆಯಾ. ಮೊದಲು ನೋಡುವುದು ಇಷ್ಟನ್ನೇ.