ಬಾಟಲಿಯ ಒಳಗಿನ ಚೀಟಿ

ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದಲ್ಲಿ ಎಂ.ಎಸ್ಸಿ. ಓದುತ್ತೇನೆ ಎಂದು ನಾನು ಹೇಳಿದಾಗ, ಶಿರಸಿಯ ಅಡಿಕೆ ತೋಟದ ನಡುವಿನ ನಮ್ಮ ಮನೆಯಲ್ಲಿ ಆಯಿ ಕೇಳಿದ್ದು ಇಷ್ಟೇ: ಮೀನನ್ನು ಕೈಯಲ್ಲಿ ಮುಟ್ಟಲೇಬೇಕೋ, ದೂರದಿಂದ ನೋಡಿದರೆ ಸಾಕೋ ಎಂದು. ದೇವಿಮನೆ ಘಟ್ಟ ಇಳಿಯುವಾಗ ನನಗೂ ಅದರ ಉತ್ತರ ಗೊತ್ತಿರಲಿಲ್ಲ.

ಪ್ರಾಜೆಕ್ಟಿಗಾಗಿ ಪ್ರಯೋಗಾಲಯ ಸೇರುವ ಸಮಯ ಬಂದಾಗ ಅಂಕಪಟ್ಟಿ ಹಿಡಿದು ಮೇಡಂ ಎದುರು ನಿಂತೆ. ಅವರು ಅದನ್ನು ತೆರೆದೂ ನೋಡದೆ, "ಬೆಳಗಿನ ಜಾವ ಎದ್ದು ಕೆಸರಿಗೆ ಇಳಿಯುತ್ತೀಯಾ?" ಎಂದು ಕೇಳಿದರು. ಹೂಂ ಎಂದೆ. ಮೊದಲ ತಿಂಗಳು ಗಾಜಿನ ಸಾಮಾನು ತೊಳೆಯುವುದರಲ್ಲೇ ಕಳೆಯಿತು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ನಮ್ಮ ಕೆಲಸ ಕಾಳಿ ನದಿ ಕಡಲು ಸೇರುವಲ್ಲಿನ ಕೆಸರಿನೊಳಗೆ ಬದುಕುವ ಜೀವಿಗಳ ಲೆಕ್ಕ. ಕಡಲ ನೀರು ಹಿಂದೆ ಸರಿದು ಕೆಸರು ತೆರೆದುಕೊಳ್ಳುವ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುವುದರಿಂದ ನಮ್ಮ ದಿನಚರಿ ಗಡಿಯಾರಕ್ಕಿಂತ ಚಂದ್ರನಿಗೆ ಹೆಚ್ಚು ವಿಧೇಯವಾಗಿತ್ತು. ಮೀನುಗಾರರ ಮನೆಯಿಂದ ಬಂದ ಹಿರಿಯ ಸಂಶೋಧಕಿ ಅಕ್ಕ, ತಿಥಿ ಕೇಳಿದರೆ ಸಾಕು, ಎಷ್ಟು ಹೊತ್ತಿಗೆ ಹೊರಡಬೇಕೆಂದು ಹೇಳಿಬಿಡುತ್ತಿದ್ದಳು. ನಮ್ಮ ಮನೆಯಲ್ಲೂ ಪಂಚಾಂಗವಿತ್ತು, ಆದರೆ ಅದು ಶ್ರಾದ್ಧ ಮತ್ತು ಮುಹೂರ್ತಗಳಿಗಷ್ಟೇ ಬಳಕೆಯಾಗುತ್ತಿತ್ತು.

ಅಗೆದು ತಂದ ಕೆಸರನ್ನು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ನೀರು ಹಾಯಿಸಿ ತೊಳೆದರೆ ಮಣ್ಣು ಜಾರಿಹೋಗಿ, ಹುಳುಗಳು, ಎಳೆಯ ಚಿಪ್ಪಿಗಳು, ಅಕ್ಕಿಕಾಳಿನಷ್ಟು ಏಡಿಗಳು ಉಳಿಯುತ್ತವೆ. ರೋಸ್ ಬೆಂಗಾಲ್ ಎಂಬ ಬಣ್ಣ ಹಾಕಿದಾಗ ಜೀವಿಗಳ ಮೈ ಗುಲಾಬಿಯಾಗಿ, ಕಸಕಡ್ಡಿಯಿಂದ ಬೇರೆಯಾಗಿ ಕಾಣುತ್ತದೆ. ಬಿಳಿಯ ತಟ್ಟೆಯಲ್ಲಿ ಅವನ್ನು ಚಿಮಟದಿಂದ ಒಂದೊಂದಾಗಿ ಆರಿಸುವಾಗ ಅಕ್ಕಿಯಲ್ಲಿ ಕಲ್ಲು ಹೆಕ್ಕಿದ ಅಭ್ಯಾಸವೇ ನನ್ನ ನೆರವಿಗೆ ಬಂತು. ಆಯಿಯ ಪ್ರಶ್ನೆಯನ್ನು ಮಾತ್ರ ಆ ವೇಳೆಗೆ ಮರೆತೇಬಿಟ್ಟಿದ್ದೆ.

ನನ್ನ ತಪ್ಪು ಸಂಭವಿಸಿದ್ದು ಜೂನ್ ತಿಂಗಳಲ್ಲಿ. ಬೇಸಿಗೆಯಲ್ಲಿ ಅಳಿವೆಯ ನೀರು ಹೆಚ್ಚುಕಡಿಮೆ ಕಡಲಿನಷ್ಟೇ, ಅಂದರೆ ಸಾವಿರಕ್ಕೆ 35 ಭಾಗದ ಹತ್ತಿರದ ಉಪ್ಪು ಹೊತ್ತಿರುತ್ತದೆ. ಮಳೆ ಹಿಡಿದು ಕಾಳಿ ಕೆಂಪಾಗಿ ಇಳಿದು ಬಂದಾಗ ಅದೇ ನೀರು ಬಹುತೇಕ ಸಿಹಿಯಾಗುತ್ತದೆ. ಆ ಬದಲಾವಣೆಯ ನಡುವೆ ಯಾವ ಜೀವಿ ಉಳಿಯುತ್ತದೆ, ಯಾವುದು ಕಾಣೆಯಾಗುತ್ತದೆ ಎಂಬುದೇ ನನ್ನ ಪ್ರಾಜೆಕ್ಟಿನ ತಿರುಳಾಗಿತ್ತು. ಮೊದಲ ದೊಡ್ಡ ಮಳೆಯ ವಾರದಲ್ಲಿ ಕೊಡೆಯನ್ನೂ ಲೆಕ್ಕಿಸದೆ ಮೂರು ಜಾಗದಿಂದ ಕೆಸರು ತಂದು, ತೊಳೆದು, ಜೀವಿಗಳನ್ನು ಆಲ್ಕೋಹಾಲಿನಲ್ಲಿಟ್ಟು, ಬಾಟಲಿಗಳ ಹೊರಮೈ ಮೇಲೆ ಮಾರ್ಕರ್ ಪೆನ್ನಿನಿಂದ ಜಾಗದ ಗುರುತು ಬರೆದೆ. ಪೆನ್ಸಿಲ್ಲಿನಲ್ಲಿ ಬರೆದ ಚೀಟಿಯನ್ನು ಬಾಟಲಿಯ ಒಳಗೇ ಹಾಕಬೇಕೆಂದು ಅಕ್ಕ ಎರಡು ಸಲ ಹೇಳಿದ್ದಳು. ಚೆನ್ನಾಗಿ ಕಾಣುವ ಅಕ್ಷರ ಹೊರಗಿರುವಾಗ ಒಳಗೊಂದು ಚೀಟಿ ಏಕೆ ಎಂಬುದು ನನ್ನ ಜಾಣತನ.

ಮುಚ್ಚಳ ಸಡಿಲವಿದ್ದ ಒಂದು ಬಾಟಲಿ ವಾಲಿತು. ಸೋರಿದ ಆಲ್ಕೋಹಾಲನ್ನು ನಾನೇ ಬಟ್ಟೆಯಿಂದ ಮೂರೂ ಬಾಟಲಿಗಳ ಮೇಲೆ ಎಳೆದು ಒರೆಸಿದೆ. ಬಟ್ಟೆ ಕಪ್ಪಾಯಿತು, ಬಾಟಲಿಗಳು ಥಳಥಳ ಹೊಳೆದವು. ಯಾವುದು ಕಡಲಿನ ಕಡೆಯದು, ಯಾವುದು ನದಿಯ ಕಡೆಯದು ಎಂದು ಹೇಳಲು ಇನ್ನು ಯಾರಿಂದಲೂ ಸಾಧ್ಯವಿರಲಿಲ್ಲ. ಮರುದಿನ ಹೋಗಿ ಮತ್ತೆ ತರೋಣವೆಂದರೆ, ಅಷ್ಟರಲ್ಲಿ ಆ ನೀರು ಬೇರೆಯೇ ಆಗಿತ್ತು.

ಮೇಡಂ ಬೈಯಲಿಲ್ಲ. ವರದಿ ಬರೆಯುವಾಗ ಕೋಷ್ಟಕದ ಖಾಲಿ ಸಾಲಿಗೆ ನಾನು "ಪ್ರತಿಕೂಲ ಹವಾಮಾನದ ಕಾರಣ ಮಾದರಿ ಲಭ್ಯವಿಲ್ಲ" ಎಂದು ಟಿಪ್ಪಣಿ ಹಾಕಿದ್ದೆ. ಅವರು ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಪೆನ್ಸಿಲ್ಲಿನಿಂದ "ಗುರುತು ಅಳಿಸಿತು ಎಂದೇ ಬರೆ" ಎಂದು ಬರೆದು ಕೊಟ್ಟರು. ಹಾಗೆಯೇ ಬರೆದೆ.