ಕಾಡುಪಾಪದ ದೂರದ ನೆಂಟರು

ಕಳೆದ ಮಾಗಿಯ ಒಂದು ರಾತ್ರಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಗೆಳೆಯರೊಬ್ಬರ ಜೊತೆ ನಡೆಯುತ್ತಿದ್ದಾಗ, ಅವರು ಕೆಂಪು ಸೆಲೋಫೇನ್ ಕಾಗದ ಸುತ್ತಿದ್ದ ಟಾರ್ಚನ್ನು ಬಿದಿರ ಮೆಳೆಯತ್ತ ಎತ್ತಿ ಹಿಡಿದರು. ಎರಡು ಕೆಂಡದ ಚುಕ್ಕಿಗಳು ಹೊಳೆದವು. ಸ್ವಲ್ಪ ಹೊತ್ತಿಗೆ ಕಣ್ಣಿಗೆ ಬಿದ್ದದ್ದು ಬಾಲವಿಲ್ಲದ, ಕಡ್ಡಿಯಂಥ ಕೈಕಾಲುಗಳ ಕಾಡುಪಾಪ. ಮುಂದಿನ ಕೊಂಬೆಯ ಮೇಲೆ ಹಿಡಿತ ಗಟ್ಟಿಯಾಗುವವರೆಗೂ ಹಿಂದಿನದನ್ನು ಬಿಡದೆ, ಎಲೆಯೂ ಅಲುಗದಂತೆ ಅದು ಸರಿದುಹೋಯಿತು.

ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪದ, ಮಂಗಗಳ ದೂರದ ಬಳಗದ ಪ್ರಾಣಿಗಳಾದ ಲೀಮರ್‌ಗಳ ಬಗ್ಗೆ ನಾನು ಓದತೊಡಗಿದ್ದು ಆ ರಾತ್ರಿಯ ನಂತರ. ಎರಡೂ ಒಂದೇ ವಂಶದ ಕವಲುಗಳು: ಒದ್ದೆ ಮೂಗು, ತುಪ್ಪಳ ಬಾಚಿಕೊಳ್ಳಲು ಬಾಚಣಿಗೆಯಂತೆ ಮುಂಚಾಚಿದ ಕೆಳಹಲ್ಲುಗಳು, ಕಾಲಿನ ಎರಡನೆಯ ಬೆರಳಿನಲ್ಲಿ ಮೈ ಕೆರೆದುಕೊಳ್ಳಲೆಂದೇ ಇರುವ ಉಗುರು ಎರಡಕ್ಕೂ ಸಮಾನ. ಈ ನೆಂಟಸ್ತಿಕೆಯನ್ನು ವಿವರಿಸಲು ಫಿಲಿಪ್ ಸ್ಕ್ಲೇಟರ್ ಎಂಬ ಪ್ರಾಣಿಶಾಸ್ತ್ರಜ್ಞ 1864ರಲ್ಲಿ ಹಿಂದೂ ಮಹಾಸಾಗರದಲ್ಲಿ ಮುಳುಗಿಹೋದ 'ಲೆಮೂರಿಯಾ' ಎಂಬ ಭೂಖಂಡವನ್ನೇ ಕಲ್ಪಿಸಿದ. ಭೂಫಲಕಗಳ ಚಲನೆ ತಿಳಿದ ಮೇಲೆ ಆ ಖಂಡವೂ ಬೇಡವಾಯಿತು. ಲೀಮರ್‌ಗಳ ಪೂರ್ವಜರು ಆಫ್ರಿಕಾದಿಂದ ತೇಲುವ ಗಿಡಗಂಟಿಗಳ ಮೇಲೆ ದ್ವೀಪ ಸೇರಿರಬೇಕೆಂಬುದು ಇಂದು ಹೆಚ್ಚಿನವರು ಒಪ್ಪುವ ಮಾತು.

ನನ್ನನ್ನು ಹೆಚ್ಚು ಕಾಡಿದ್ದು ಮನುಷ್ಯರ ನಂಬಿಕೆಯ ಸಂಗತಿ. ಕಾಡಿನಲ್ಲಿ ಹಾಡಿದಂತೆ ಕೂಗುವ ಇಂದ್ರಿ ಎಂಬ ದೊಡ್ಡ ಲೀಮರನ್ನು ಅಲ್ಲಿನ ಜನ 'ಬಾಬಕೋತೊ' ಎಂದು ಕರೆದು ಹಿರೀಕನೆಂದು ಗೌರವಿಸುತ್ತಾರೆ. ಅದನ್ನು ಕೊಲ್ಲಬಾರದೆಂಬ ನಿಷೇಧಕ್ಕೆ 'ಫಾಡಿ' ಎಂದು ಹೆಸರು. (ನಾವು ಪಾಪುವೆಂದು ಕಂಡದ್ದರ ನೆಂಟನನ್ನು ಅವರು ಹಿರೀಕನೆಂದು ಕಂಡಿದ್ದಾರೆ!) ಅದೇ ದ್ವೀಪದ ಅಯ್-ಅಯ್ ಎಂಬ, ಉದ್ದನೆಯ ತೆಳು ನಡುಬೆರಳಿನಿಂದ ತೊಗಟೆ ತಟ್ಟಿ ಹುಳ ಹುಡುಕುವ ಲೀಮರ್ ಮಾತ್ರ ಹಲವೆಡೆ ಅಪಶಕುನ, ಕಂಡಲ್ಲೇ ಕೊಲ್ಲುವುದುಂಟು. ನಮ್ಮಲ್ಲಿಯೂ ಮಾಟಮಂತ್ರಕ್ಕೆ, ಕಣ್ಣಿನ ಔಷಧಕ್ಕೆಂದು ಕಾಡುಪಾಪವನ್ನು ಹಿಡಿದು ಹಿಂಸಿಸಿದ ಪ್ರಕರಣಗಳಿಗೆ ಕೊರತೆಯಿಲ್ಲ.

ಆದರೆ ಫಾಡಿಯೊಂದೇ ಕಾಡನ್ನು ಕಾಯಲಾರದು. ಗದ್ದೆಗಾಗಿ ಕಾಡು ಸುಡುವ ಬೇಸಾಯ, ಇದ್ದಿಲು, ಹಸಿವಿನ ಬೇಟೆ ಮತ್ತು ಹೊಸದಾಗಿ ಬಂದು ನೆಲೆಸಿದವರಿಗೆ ಆ ನಿಷೇಧದ ಹಂಗಿಲ್ಲದಿರುವುದು, ಇವೆಲ್ಲದರಿಂದಾಗಿ, ಐಯುಸಿಎನ್ ಎಂಬ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ 2020ರ ಪಟ್ಟಿಯಲ್ಲಿ 107 ಲೀಮರ್ ಪ್ರಭೇದಗಳ ಪೈಕಿ 103 ಅಪಾಯದಲ್ಲಿದ್ದವು. ಅವುಗಳಲ್ಲಿ 33 ಅಳಿವಿನ ಅಂಚಿನಲ್ಲಿದ್ದವು. ಭರವಸೆಯ ಕಡೆಗೆ ನೋಡಿದರೆ, ಲೀಮರ್ ತಜ್ಞೆ ಪ್ಯಾಟ್ರೀಶಿಯಾ ರೈಟ್ ಅವರು 1986ರಲ್ಲಿ ಗುರುತಿಸಿದ, ಸಯನೈಡ್ ಇರುವ ಬಿದಿರನ್ನು ತಿಂದೂ ಬದುಕುವ ಚಿನ್ನದ ಬಣ್ಣದ ಲೀಮರ್‌ನಿಂದಾಗಿ 1991ರಲ್ಲಿ ರಾನೊಮಫಾನ ರಾಷ್ಟ್ರೀಯ ಉದ್ಯಾನ ರೂಪುಗೊಂಡಿತು. ಅಂಜಾ ಎಂಬಲ್ಲಿ ಊರಿನವರೇ ಒಂದು ಚಿಕ್ಕ ಕಾಡನ್ನು ನೋಡಿಕೊಳ್ಳುತ್ತ, ಉಂಗುರಬಾಲದ ಲೀಮರ್‌ಗಳನ್ನು ನೋಡಲು ಬರುವವರಿಗೆ ದಾರಿ ತೋರಿಸಿ ಸಂಪಾದಿಸುತ್ತಾರೆ. ನನಗೆ ಈ ಎರಡನೆಯ ಮಾದರಿಯೇ ಹೆಚ್ಚು ಹಿಡಿಸಿತು. ಕಾಡು ಉಳಿದರೆ ತಮಗೇನು ಎಂಬ ಪ್ರಶ್ನೆಗೆ ಊರಿನವರ ಬಳಿಯೇ ಉತ್ತರವಿದೆ.

ಬೆಂಗಳೂರಿನ ಕಾಡುಪಾಪಕ್ಕೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ, ಕೊಂಬೆಗಳ ರಕ್ಷಣೆಯಿಲ್ಲ. ಲೀಮರ್‌ಗಳಲ್ಲಿ ಅನೇಕವು ಜಿಗಿಯುತ್ತವೆ; ಇದು ಜಿಗಿಯುವ ಪ್ರಾಣಿಯಲ್ಲ. ಒಂದು ಮರದ ರೆಂಬೆ ಇನ್ನೊಂದಕ್ಕೆ ತಾಗದಿದ್ದರೆ ಅದು ನೆಲಕ್ಕಿಳಿಯಬೇಕು, ಅಲ್ಲಿ ನಾಯಿಗಳೂ ವಾಹನಗಳೂ ಇವೆ. ಇಲ್ಲವೇ ವಿದ್ಯುತ್ ತಂತಿ ಹಿಡಿಯಬೇಕು. ನಮ್ಮ ಬಡಾವಣೆಯ ಅಂಚಿನಲ್ಲಿ ರಸ್ತೆಯ ಮೇಲೆ ಕಮಾನಿನಂತೆ ಕೂಡಿಕೊಂಡಿದ್ದ ಎರಡು ಮಳೆಮರಗಳ ರೆಂಬೆಗಳನ್ನು ಹೋದ ವರ್ಷ ಕಡಿದುಹಾಕಿದರು. ಗೆಳೆಯರು ಹಿಂದೆ ಕಾಡುಪಾಪವೊಂದು ರಸ್ತೆ ದಾಟುವುದನ್ನು ಕಂಡಿದ್ದು ಆ ಕಮಾನಿನ ಮೇಲೆಯೇ. ಮಡಗಾಸ್ಕರಿನಲ್ಲಿ ಲೀಮರ್‌ಗಳಿಗಾಗಿ ರಸ್ತೆಯ ಮೇಲೆ ಹಗ್ಗದ ಸೇತುವೆ ಕಟ್ಟಿದ ಚಿತ್ರಗಳನ್ನು ಲಗತ್ತಿಸಿ, ಅಂಥದ್ದೇ ಒಂದನ್ನು ಇಲ್ಲಿಯೂ ಕಟ್ಟಲು ಅನುಮತಿ ಕೋರಿ ಅವರು ಪತ್ರ ಬರೆದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ; ಹಗ್ಗವಂತೂ ನಮ್ಮ ಮನೆಯ ಅಟ್ಟದ ಮೇಲೆ ಸಿದ್ಧವಾಗಿದೆ.